300 ಕಿ.ಮೀ. ಬಿಆರ್‌ಎಂಗೆ ಹೊಸ ಸೈಕಲ್ ಬೇಕೇ, ಟೈರ್ ಬದಲಿಸಿದರೆ ಸಾಕೇ?

ತುಮಕೂರು ಹೈಬ್ರಿಡ್ · ನವೆಂಬರ್ 11, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನನ್ನ ಮೊದಲ 200 ಕಿ.ಮೀ. ಬಿಆರ್‌ಎಂ ಮುಗಿಸಿದೆ. ಗೊತ್ತಿಲ್ಲದವರಿಗೆ: ಕೊಟ್ಟ ಸಮಯದೊಳಗೆ, ದಾರಿಯಲ್ಲಿ ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳುತ್ತ ಮುಗಿಸಬೇಕಾದ ದೂರದ ಸೈಕಲ್ ಸವಾರಿಯೇ ಬಿಆರ್‌ಎಂ. ಕೊಟ್ಟಿದ್ದ ಸಮಯ ಹದಿಮೂರೂವರೆ ಗಂಟೆ, ನಾನು ತೆಗೆದುಕೊಂಡದ್ದು 12 ಗಂಟೆ 52 ನಿಮಿಷ. ಕಾರ್ಡಿಗೆ ಕೊನೆಯ ಮುದ್ರೆ ಬೀಳುವ ಹೊತ್ತಿಗೆ ಬಲಗೈಯ ಕಿರುಬೆರಳು, ಉಂಗುರ ಬೆರಳು ಎರಡೂ ಮರಗಟ್ಟಿದ್ದವು. ಸಹಿ ಹಾಕಲು ಪೆನ್ನು ಹಿಡಿಯಲಾಗದೆ ಎಡಗೈಯಲ್ಲಿ ಗೀಚಿದೆ. ಮರುದಿನ ಕಚೇರಿಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಯಿತು.

ನನ್ನದು ಆರು ವರ್ಷ ಹಳೆಯ ಅಲ್ಯೂಮಿನಿಯಂ ಹೈಬ್ರಿಡ್. ನೇರ ಹ್ಯಾಂಡಲ್, ವಿ-ಬ್ರೇಕ್, ಮುಂದೆ 48-36-26ರ ಮೂರು ಹಲ್ಲುಚಕ್ರ, ಹಿಂದೆ 11-32. ಟೈರ್ ಕಂಪನಿಯಿಂದ ಬಂದದ್ದೇ, 700×35, ಅಂದರೆ 35 ಮಿ.ಮೀ. ಅಗಲದ್ದು. ನನ್ನ ತೂಕ 78 ಕಿಲೋ, ಸೈಕಲ್ 14, ಚೀಲ ಮತ್ತು ನೀರು ಸೇರಿ ಇನ್ನೊಂದು ಮೂರು.

ಡಿಸೆಂಬರ್‌ನಲ್ಲಿ 300ಕ್ಕೆ ಹೆಸರು ಕೊಡಬೇಕೆಂದಿದ್ದೇನೆ. ಬೆಂಗಳೂರಿನಿಂದ ಹೆದ್ದಾರಿ 48ರಲ್ಲಿ ಹೋಗಿ ಹಿರಿಯೂರಿನ ಈಚೆಗೆ ತಿರುಗಿ ಬರುವುದು. ಕೈಯಲ್ಲಿ 80,000 ರೂಪಾಯಿ ಇದೆ. ಜೊತೆಗೆ ಓಡಿದವರಲ್ಲಿ ಅರ್ಧ ಜನ ಬಾಗಿದ ಹ್ಯಾಂಡಲ್ಲಿನ ಹಗುರ ರೋಡ್ ಬೈಕ್ ತೆಗೆದುಕೊಳ್ಳಿ ಎನ್ನುತ್ತಾರೆ, ಇನ್ನರ್ಧ ಜನ ನಗುತ್ತಾರೆ. ಏನು ಮಾಡಲಿ?

ಹಗುರ ಗಾಡಿ · ನವೆಂಬರ್ 11, ರಾತ್ರಿ 10:15

ಯೋಚನೆಯೇ ಬೇಡ ಸರ್. 14 ಕಿಲೋ ಸೈಕಲ್ಲಿನಲ್ಲಿ 300 ಹೋಗುವುದೆಂದರೆ ಹೆಗಲ ಮೇಲೆ ಅಕ್ಕಿ ಮೂಟೆ ಹೊತ್ತು ತಿರುಪತಿ ಬೆಟ್ಟ ಹತ್ತಿದ ಹಾಗೆ. ನಾನು ಹೈಬ್ರಿಡ್ ಬಿಟ್ಟು ಕಾರ್ಬನ್ ಫ್ರೇಮಿಗೆ ಬಂದ ಮೇಲೆ 200ರಲ್ಲಿ ಒಂದೂವರೆ ಗಂಟೆ ಉಳಿಯಿತು. 80,000ಕ್ಕೆ ಹೊಸ ಕಾರ್ಬನ್ ಬರುವುದಿಲ್ಲ, ಆದರೆ ಒಂದು ಕೈ ಓಡಿಸಿದ್ದು, ಅಂದರೆ ಸೆಕೆಂಡ್ ಹ್ಯಾಂಡ್, ಸಿಗುತ್ತದೆ. 25ರ ಟೈರು, 100 ಪಿಎಸ್‌ಐ ಗಾಳಿ, ಮುಗಿಯಿತು.

ಹಳೇ ಉಕ್ಕು · ನವೆಂಬರ್ 12, ಬೆಳಿಗ್ಗೆ 5:50

ಕೈ ಓಡಿಸಿದ ಕಾರ್ಬನ್ ಫ್ರೇಮು ಕೊಳ್ಳುವ ಮೊದಲು ಅದು ಎಲ್ಲೆಲ್ಲಿ ಬಿದ್ದಿದೆ ಎಂದು ಫ್ರೇಮನ್ನೇ ಕೇಳಬೇಕು, ಅದು ಹೇಳುವುದಿಲ್ಲ. ಆ ಮಾತು ಬಿಡಿ.

ತುಮಕೂರಿನವರೇ, ಸೈಕಲ್ ಕೊಳ್ಳುವುದಕ್ಕಿಂತ ಮುಂಚೆ ನನ್ನ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿ.

ಗಾಳಿ ಎಷ್ಟು ಹೊಡೆಯುತ್ತೀರಿ? ಸಂಖ್ಯೆ ಬೇಕು, ಹೆಬ್ಬೆರಳಿನಿಂದ ಒತ್ತಿ ನೋಡಿದ್ದಲ್ಲ.

ಆ 12 ಗಂಟೆ 52 ನಿಮಿಷದಲ್ಲಿ ಚಕ್ರ ತಿರುಗಿದ್ದು ಎಷ್ಟು ಹೊತ್ತು, ನಿಂತದ್ದು ಎಷ್ಟು ಹೊತ್ತು?

ಹಿಂದಿನ ಚಕ್ರದ ಟೈರಿಗೂ ಫ್ರೇಮಿಗೂ ನಡುವೆ ಎಷ್ಟು ಜಾಗವಿದೆ? ಅಳತೆಪಟ್ಟಿ ಬೇಡ, 4 ಮಿ.ಮೀ. ಅಲೆನ್ ಕೀ ತೆಗೆದುಕೊಂಡು ಎರಡೂ ಬದಿ ತೂರಿಸಿ ನೋಡಿ. ಎರಡೂ ಕಡೆ ಸಲೀಸಾಗಿ ತೂರಿದರೆ ಸರಿ.

ಇನ್ನೊಂದು ಮಾತು. ನಿಮ್ಮ ಮುಂದಿನ ಆ 26 ಹಲ್ಲಿನ ಸಣ್ಣ ಚಕ್ರವಿದೆಯಲ್ಲ, ಅದನ್ನು ಯಾರ ಮಾತು ಕೇಳಿಯೂ ಕಳೆದುಕೊಳ್ಳಬೇಡಿ. ಮುಂದಿನ ಚಕ್ರ ಸಣ್ಣದಾದಷ್ಟೂ ಏರಿನಲ್ಲಿ ತುಳಿಯುವುದು ಹಗುರ. ಹೊಸ ರೋಡ್ ಬೈಕುಗಳಲ್ಲಿ ಸಾಮಾನ್ಯವಾಗಿ ಮುಂದೆ 34, ಹಿಂದೆ 32 ಅಥವಾ 34 ಬರುತ್ತದೆ. 250 ಕಿ.ಮೀ. ದಾಟಿದ ಮೇಲೆ ಬರುವ ಸಣ್ಣ ಏರಿನಲ್ಲಿ ಮೊಣಕಾಲು ಆ ವ್ಯತ್ಯಾಸವನ್ನು ಹೇಳುತ್ತದೆ.

ತುಮಕೂರು ಹೈಬ್ರಿಡ್ · ನವೆಂಬರ್ 12, ರಾತ್ರಿ 8:20

ಸರ್, ಮುಂದೆ ಹಿಂದೆ ಎರಡಕ್ಕೂ 85 ಪಿಎಸ್‌ಐ. ಟೈರಿನ ಬದಿಯಲ್ಲೇ ಗರಿಷ್ಠ 85 ಎಂದು ಬರೆದಿದೆ. ಗಟ್ಟಿಯಾಗಿದ್ದರೆ ಸಲೀಸಾಗಿ ಉರುಳುತ್ತದೆ ಎಂದು ಅಂಗಡಿಯವರು ಹೇಳಿದ್ದರು.

ಮೊಬೈಲ್ ತೆಗೆದು ನೋಡಿದೆ: ಚಕ್ರ ತಿರುಗಿದ್ದು 9 ಗಂಟೆ 50 ನಿಮಿಷ. ಉಳಿದ ಮೂರು ಗಂಟೆ ಎಲ್ಲಿ ಹೋಯಿತು ಎಂದು ನನಗೇ ಆಶ್ಚರ್ಯ. ಕೈ ಒದರಿಕೊಳ್ಳಲು ಹತ್ತು ಹತ್ತು ಕಿಲೋಮೀಟರಿಗೆ ನಿಲ್ಲಿಸಿದ್ದು ನೆನಪಿದೆ. ಕೀ ಎರಡೂ ಕಡೆ ತೂರಿತು, ಇನ್ನೂ ಜಾಗ ಉಳಿಯಿತು.

ಹಳೇ ಉಕ್ಕು · ನವೆಂಬರ್ 12, ರಾತ್ರಿ 8:45

ಉತ್ತರ ನೀವೇ ಹೇಳಿಬಿಟ್ಟಿರಿ. ಆ ಮೂರು ಗಂಟೆಯನ್ನು ಯಾವ ಕಾರ್ಬನ್ನೂ ತಂದುಕೊಡುವುದಿಲ್ಲ, ಕೈ ನೋಯದಿದ್ದರೆ ಅದರಲ್ಲಿ ಅರ್ಧ ತಾನಾಗಿ ಬರುತ್ತದೆ. ಗಾಳಿಯ ಲೆಕ್ಕ ಮೇಷ್ಟ್ರು ಹೇಳಲಿ, ಅವರು ಎಲ್ಲಿದ್ದಾರೆ?

ಲೆಕ್ಕದ ಮೇಷ್ಟ್ರು · ನವೆಂಬರ್ 13, ಸಂಜೆ 6:05

ಇದ್ದೇನೆ. ಮೌಲ್ಯಮಾಪನದ ಕಟ್ಟು ಮುಗಿಸಿ ಬಂದೆ.

ಟೈರಿನ ಬದಿಯಲ್ಲಿ ಬರೆದಿರುವುದು ಅದು ತಡೆಯುವ ಗರಿಷ್ಠ ಒತ್ತಡ, ನೀವು ಹೊಡೆಯಬೇಕಾದದ್ದಲ್ಲ. ಲಿಫ್ಟಿನಲ್ಲಿ ಎಂಟು ಜನ ಎಂದು ಬರೆದಿದ್ದರೆ ಎಂಟು ಜನ ಸೇರುವವರೆಗೆ ಕಾಯುತ್ತೇವೆಯೇ?

ಟೈರಿನ ಬಟ್ಟೆ ಎಷ್ಟು ಬಿಗಿಯಾಗುತ್ತದೆ ಎಂಬುದು ಒತ್ತಡವನ್ನೂ ಅಗಲವನ್ನೂ ಗುಣಿಸಿದ್ದನ್ನು ಅವಲಂಬಿಸಿದೆ. 25ರ ಟೈರಿಗೆ 100 ಪಿಎಸ್‌ಐ ಎಷ್ಟು ಬಿಗಿಯೋ, 35ರ ಟೈರಿಗೆ 71 ಪಿಎಸ್‌ಐ ಅಷ್ಟೇ ಬಿಗಿ. ನೀವು 35ಕ್ಕೆ 85 ಹೊಡೆದು, ಕಟ್ಟಿಗೆಯ ಚಕ್ರದ ಮೇಲೆ ಕೂತ ಹಾಗೆ 200 ಕಿ.ಮೀ. ಹೋಗಿದ್ದೀರಿ.

ದೂರ ಓಡಿಸುವವರಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಅಳತೆಯಿದೆ: ನೀವು ಕೂತಾಗ ಟೈರು ತನ್ನ ಎತ್ತರದ 15 ಶೇಕಡಾ ಕುಸಿಯಬೇಕು. ನಿಮ್ಮ ಒಟ್ಟು 95 ಕಿಲೋದಲ್ಲಿ ಹಿಂದಿನ ಚಕ್ರದ ಮೇಲೆ 55 ಶೇಕಡಾ, ಮುಂದೆ 45 ಎಂದು ಹಿಡಿದರೆ ಈಗಿನ 35ಕ್ಕೆ ಹಿಂದೆ ಸುಮಾರು 58, ಮುಂದೆ 46 ಪಿಎಸ್‌ಐ ಸಾಕು. 32ರ ಟೈರಾದರೆ 67 ಮತ್ತು 54. 28ಕ್ಕೆ 85, 68ರ ಆಸುಪಾಸು. ಇವು ಆರಂಭದ ಅಂಕಿಗಳು. ಅಲ್ಲಿಂದ ಎರಡೆರಡು ಪಿಎಸ್‌ಐ ಏರಿಸಿ ಇಳಿಸಿ ನಿಮ್ಮದನ್ನು ಕಂಡುಕೊಳ್ಳಿ.

ನಯವಾದ ನೆಲದ ಮೇಲೆ ಗಟ್ಟಿ ಟೈರು ಒಂದಿಷ್ಟು ಗೆಲ್ಲುತ್ತದೆ ಎಂಬುದು ನಿಜ. ನಮ್ಮ ರಸ್ತೆ ಆ ನೆಲವಲ್ಲ. ಸಣ್ಣ ಸಣ್ಣ ಉಬ್ಬುಗಳ ಮೇಲೆ ಗಟ್ಟಿ ಟೈರು ಬಾಗುವುದಿಲ್ಲ, ಇಡೀ ಸೈಕಲ್ಲನ್ನೂ ಸವಾರನನ್ನೂ ಎತ್ತಿ ಹಾಕುತ್ತದೆ. ಆ ಎತ್ತಿ ಹಾಕುವ ಶಕ್ತಿ ನಿಮ್ಮ ಕಾಲಿನದೇ. ಅದು ಕೊನೆಗೆ ಮೈಯ ಮಾಂಸಖಂಡದಲ್ಲಿ ಶಾಖವಾಗಿ ಮುಗಿಯುತ್ತದೆ, ಅಂಗೈ ಮರಗಟ್ಟುವುದಕ್ಕೂ ಅದರ ಪಾಲಿದೆ.

ಇನ್ನು ತೂಕ. 300 ಕಿ.ಮೀ.ಯಲ್ಲಿ ಒಟ್ಟು 2000 ಮೀಟರ್ ಏರು ಎಂದುಕೊಳ್ಳಿ. ಎರಡು ಕಿಲೋ ಹೆಚ್ಚು ತೂಕವನ್ನು ಅಷ್ಟು ಎತ್ತಲು ಬೇಕಾದದ್ದು 39 ಕಿಲೋಜೂಲ್. ನಿಮ್ಮ ಕಾಲು 120 ವ್ಯಾಟ್ ಕೊಡುತ್ತದೆ ಎಂದರೆ ಐದೂವರೆ ನಿಮಿಷದ ಕೆಲಸ. ಈಗ ಟೈರು: ಒಂದರ ಉರುಳು ಗುಣಾಂಕ (ಉರುಳುವಾಗ ಟೈರು ಎಷ್ಟು ತಡೆಯುತ್ತದೆ ಎಂಬ ಅಳತೆ) 0.005, ಇನ್ನೊಂದರದು 0.008 ಎಂದಿಟ್ಟುಕೊಳ್ಳಿ. ಮೆತ್ತನೆಯ ಒಳ್ಳೆಯ ಟೈರಿಗೂ ದಪ್ಪ ರಬ್ಬರಿನ ಅಗ್ಗದ ಟೈರಿಗೂ ಇಷ್ಟು ಅಂತರ ಇರುವುದುಂಟು. 95 ಕಿಲೋಗೆ, 300 ಕಿ.ಮೀ.ಗೆ ಆ ಅಂತರ ಸುಮಾರು 840 ಕಿಲೋಜೂಲ್. ಗಂಟೆಗೆ 22 ಕಿ.ಮೀ. ವೇಗದಲ್ಲಿ 17 ವ್ಯಾಟ್. ನಿಮ್ಮ 120ರಲ್ಲಿ 17 ದಾರಿಯಲ್ಲೇ ಸೋರಿಹೋಗುತ್ತಿದೆ.

ಹಗುರ ಗಾಡಿ · ನವೆಂಬರ್ 13, ಸಂಜೆ 6:40

ಮೇಷ್ಟ್ರೇ, ತೂಕದ ಲೆಕ್ಕದಲ್ಲಿ ಜಾಣತನ ಮಾಡಿದ್ದೀರಿ. ಆ ಎರಡು ಕಿಲೋ ಸಮತಟ್ಟಿನಲ್ಲೂ ಉರುಳಬೇಕಲ್ಲ? ಅದನ್ನು ಸೇರಿಸಲಿಲ್ಲ.

ಲೆಕ್ಕದ ಮೇಷ್ಟ್ರು · ನವೆಂಬರ್ 13, ಸಂಜೆ 7:10

ಒಪ್ಪಿದೆ, ಬಿಟ್ಟಿದ್ದೆ. ಸೇರಿಸಿದರೆ ಇನ್ನು 29 ಕಿಲೋಜೂಲ್, ಒಟ್ಟು 68. ಅತ್ತ 840 ಹಾಗೆಯೇ ಇದೆ. ನಿಮ್ಮ ಒಂದೂವರೆ ಗಂಟೆ ಉಳಿದದ್ದು ಬಹುಶಃ ಬಾಗಿದ ಹ್ಯಾಂಡಲ್ ಹಿಡಿದು ಗಾಳಿಗೆ ತಗ್ಗಿದ್ದರಿಂದ ಮತ್ತು ಒಳ್ಳೆಯ ಟೈರು ಬಂದದ್ದರಿಂದ. ಫ್ರೇಮಿಗೆ ಅದರ ಹೆಸರು ಬಂತು, ಅಷ್ಟೇ.

ರಾತ್ರಿ ಪಾಳಿ · ನವೆಂಬರ್ 14, ಮಧ್ಯಾಹ್ನ 2:30

ಗುಣಾಂಕವೆಲ್ಲ ಸರಿ, ಆದರೆ ಹೆದ್ದಾರಿ 48ರಲ್ಲಿ ಟೈರು ಆರಿಸುವವರು ಮೊದಲು ತಂತಿಯ ಬಗ್ಗೆ ತಿಳಿದುಕೊಳ್ಳಬೇಕು. ನಾನು ದಾವಣಗೆರೆಯವಳು, ಆ ರಸ್ತೆಯಲ್ಲೇ ಅಭ್ಯಾಸ ಮಾಡುತ್ತೇನೆ.

ಲಾರಿಗಳ ರೇಡಿಯಲ್ ಟೈರು ಸಿಡಿದಾಗ ಅದರೊಳಗಿನ ಉಕ್ಕಿನ ಎಳೆಗಳು ಚೂರುಚೂರಾಗಿ ರಸ್ತೆಯ ಅಂಚಿಗೆ ಬಂದು ಸೇರುತ್ತವೆ, ಸರಿಯಾಗಿ ನಾವು ಓಡಿಸುವ ಜಾಗಕ್ಕೆ. ತಲೆಗೂದಲಿಗಿಂತ ಸ್ವಲ್ಪ ದಪ್ಪ, ಉಗುರಿನಷ್ಟು ಉದ್ದ. ಮೊಳೆಯಾದರೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ.

ಎರಡು ವರ್ಷದ ಹಿಂದೆ ಒಂದು 400ರಲ್ಲಿ, ರಾತ್ರಿ ಹನ್ನೊಂದರ ಮೇಲೆ, ಶಿರಾ ದಾಟಿದ ಮೇಲೆ ಹಿಂದಿನ ಟೈರು ಇಳಿಯಿತು. ಟ್ಯೂಬು ಬದಲಿಸಿದೆ. ಹನ್ನೆರಡು ಕಿ.ಮೀ. ಹೋದೆ, ಮತ್ತೆ ಇಳಿಯಿತು. ಟೈರಿನ ಒಳಗೆಲ್ಲ ಬೆರಳಾಡಿಸಿದ್ದೆ, ಏನೂ ಸಿಕ್ಕಿರಲಿಲ್ಲ. ಎರಡನೆಯ ಟ್ಯೂಬು ಹಾಕಿದೆ, ಆರು ಕಿ.ಮೀ.ಗೆ ಅದೂ ಹೋಯಿತು. ಟೋಲ್ ಗೇಟಿನ ದೀಪದ ಕೆಳಗೆ ಸೈಕಲ್ ಮಲಗಿಸಿ ಕೂತೆ. ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿದರೆ ಮೂರರಲ್ಲೂ ವಾಲ್ವಿನಿಂದ ಒಂದು ಗೇಣು ಎಡಕ್ಕೆ, ಒಂದೇ ಜಾಗ. ಟೈರು ಹಾಕುವಾಗ ಅದರ ಮೇಲಿನ ಹೆಸರು ಯಾವಾಗಲೂ ವಾಲ್ವಿನ ನೇರಕ್ಕೆ ಬರುವಂತೆ ಕೂರಿಸುವುದು ನನ್ನ ಅಭ್ಯಾಸ, ಹಾಗಾಗಿ ಟೈರಿನಲ್ಲೂ ಆ ಜಾಗ ಗೊತ್ತಾಯಿತು. ಔಷಧಿ ಡಬ್ಬಿಯಲ್ಲಿ ಹತ್ತಿಯಿತ್ತು. ಒಂದು ಚೂರು ಹತ್ತಿಯನ್ನು ಟೈರಿನ ಒಳಮೈ ಮೇಲೆ ಎಳೆದಾಗ ಒಂದು ಕಡೆ ಅದರ ನಾರು ಸಿಕ್ಕಿಕೊಂಡಿತು. ಒಳಗೆ ಅರ್ಧ ಮಿ.ಮೀ. ಕೂಡ ಚಾಚಿರಲಿಲ್ಲ. ಕೂತಾಗ ಭಾರಕ್ಕೆ ಒಳಗೆ ಬಂದು ಚುಚ್ಚುತ್ತಿತ್ತು, ಎದ್ದರೆ ಹಿಂದೆ ಸರಿದು ಅಡಗುತ್ತಿತ್ತು. ಹುಬ್ಬಿನ ಚಿಮಟದಿಂದ ಹೊರಗಿನಿಂದ ಎಳೆದೆ.

ಮೂರು ಪಂಕ್ಚರಿಗೆ ಒಂದು ಗಂಟೆ ಐವತ್ತು ನಿಮಿಷ. ಆಗ ಹಾಕಿಕೊಂಡಿದ್ದದ್ದು ಬಹಳ ಹಗುರವಾದ 25ರ ಟೈರು.

ಆದ್ದರಿಂದ ತುಮಕೂರಿನಣ್ಣ, ಚಿಮಟ ಒಂದು, ಹತ್ತಿ ಸ್ವಲ್ಪ, ಟ್ಯೂಬು ಎರಡು, ತೇಪೆ ಮತ್ತು ಸಲ್ಯೂಷನ್. ಸಲ್ಯೂಷನ್ ಟ್ಯೂಬನ್ನು ಮನೆಯಲ್ಲೇ ಒಮ್ಮೆ ಒತ್ತಿ ನೋಡಿ. ಒಮ್ಮೆ ತೆರೆದಿದ್ದು ಆರು ತಿಂಗಳಲ್ಲಿ ಒಳಗೇ ಒಣಗಿ ಕಡ್ಡಿಯಾಗಿರುತ್ತದೆ.

ಬಳ್ಳಾರಿ ಜಾಲಿ · ನವೆಂಬರ್ 14, ಸಂಜೆ 5:15

ಅಕ್ಕಾ, ಇಷ್ಟೆಲ್ಲ ಕಷ್ಟ ಏಕೆ? ಟ್ಯೂಬ್‌ಲೆಸ್ ಮಾಡಿಸಿಬಿಡಿ. ನಮ್ಮ ಊರಿನ ಕಡೆ ರಸ್ತೆಯ ಬದಿಯಲ್ಲಿ ಮಣ್ಣಿಗಿಂತ ಜಾಲಿ ಮುಳ್ಳೇ ಹೆಚ್ಚು. ಟ್ಯೂಬು ಇದ್ದಾಗ ತಿಂಗಳಿಗೆ ಐದಾರು ಪಂಕ್ಚರ್. ಟ್ಯೂಬ್‌ಲೆಸ್ ಮಾಡಿ, ಒಳಗೆ ತೂತನ್ನು ತಾನೇ ಮುಚ್ಚುವ ಸೀಲೆಂಟ್ ಹಾಲು ಹುಯ್ದ ಮೇಲೆ ಹದಿನಾಲ್ಕು ತಿಂಗಳಲ್ಲಿ ಒಂದು. ಕಳೆದ ವಾರ ಟೈರು ಒರೆಸುವಾಗ ಎಣಿಸಿದೆ, ಹನ್ನೊಂದು ಕಡೆ ಬಿಳಿ ಚುಕ್ಕೆ. ಹನ್ನೊಂದು ಮುಳ್ಳು ಚುಚ್ಚಿ ಹೋದದ್ದು ನನಗೆ ಗೊತ್ತೇ ಆಗಿಲ್ಲ.

ಒಂದೇ ಎಚ್ಚರಿಕೆ: ನಮ್ಮ ಬಿಸಿಲಿಗೆ ಆ ಹಾಲು ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ನಾನು ಎರಡು ತಿಂಗಳಿಗೊಮ್ಮೆ ಹೊಸದಾಗಿ ಹುಯ್ಯುತ್ತೇನೆ. ಅಳ್ಳಾಡಿಸಿದಾಗ ಒಳಗೆ ಸದ್ದಾಗದಿದ್ದರೆ ಒಣಗಿದೆ ಎಂದು ಅರ್ಥ.

ಹಳೇ ಉಕ್ಕು · ನವೆಂಬರ್ 15, ಬೆಳಿಗ್ಗೆ 5:30

ಟ್ಯೂಬ್‌ಲೆಸ್ ಒಳ್ಳೆಯದೇ, ಅದರ ರಿಮ್ಮು ಇದ್ದವರಿಗೆ. ತುಮಕೂರಿನವರ ರಿಮ್ಮು ಅದಲ್ಲ. ಟೇಪು ಸುತ್ತಿ ಬಲವಂತ ಮಾಡಿದರೆ ಒಂದು ದಿನ ಗುಂಡಿಗೆ ಬಿದ್ದಾಗ ಟೈರು ರಿಮ್ಮಿನಿಂದ ಕಳಚಿಕೊಂಡು ಬರುತ್ತದೆ. ಹಾಲು ಮುಚ್ಚಲಾರದಷ್ಟು ದೊಡ್ಡ ಸೀಳಾದರೆ ಟ್ಯೂಬ್‌ಲೆಸ್‌ನವರೂ ಕೊನೆಗೆ ಟ್ಯೂಬನ್ನೇ ಹುಡುಕಬೇಕು, ಅದೂ ಕೈ ಬಟ್ಟೆಯೆಲ್ಲ ಅಂಟು ಮಾಡಿಕೊಂಡು.

ಹೈಬ್ರಿಡ್‌ನಲ್ಲಿ ಯಾರೂ ಹೇಳದ ಒಂದು ಗುಣವಿದೆ. ಅದರ ರಿಮ್ಮಿನ ವಾಲ್ವ್ ತೂತು ದೊಡ್ಡದು, ಎಂಟೂವರೆ ಮಿ.ಮೀ., ಮೋಟರ್ ಬೈಕಿನ ವಾಲ್ವಿನದು. ರೋಡ್ ಬೈಕಿನ ತೂತು ಆರೂವರೆ, ಸಣ್ಣ ಪ್ರೆಸ್ಟಾ ವಾಲ್ವಿಗೆ ಮಾತ್ರ. ಎಂಟೂವರೆ ತೂತಿಗೆ ಹಳ್ಳಿಯ ಸೈಕಲ್ ಅಂಗಡಿಯ ಸಾಮಾನ್ಯ ಟ್ಯೂಬೂ ಹಿಡಿಸುತ್ತದೆ. ಹೊಸದುರ್ಗದ ಹತ್ತಿರ ನನ್ನ ಎರಡೂ ಟ್ಯೂಬು ಮುಗಿದಾಗ ಒಬ್ಬ ಅಜ್ಜ 28×1½ ಟ್ಯೂಬನ್ನು ಸ್ವಲ್ಪ ಹಿಸುಕಿ ನನ್ನ 35ರ ಟೈರಿನೊಳಗೆ ಕೂರಿಸಿ ಕೊಟ್ಟರು. 90 ಕಿ.ಮೀ. ಬಂದೆ. ಪೆಟ್ರೋಲ್ ಬಂಕಿನ ಗಾಳಿಯೂ ದೊಡ್ಡ ವಾಲ್ವಿಗೆ ನೇರವಾಗಿ ಸಿಗುತ್ತದೆ.

ಆದರೆ ಹೊರ ಟೈರು ಹಾಗೆ ಸಿಗುವುದಿಲ್ಲ, ಜೋಕೆ. ಹಾಲಿನವರ ಸೈಕಲ್ಲಿನ 28 ಇಂಚಿನ ಟೈರಿಗೂ ನಮ್ಮ 700ಕ್ಕೂ ನೋಡಲು ವ್ಯತ್ಯಾಸವೇ ಇಲ್ಲ. ಒಂದರ ಒಳವ್ಯಾಸ 635 ಮಿ.ಮೀ., ಇನ್ನೊಂದರದು 622. ಹದಿಮೂರು ಮಿ.ಮೀ. ದೊಡ್ಡದು, ರಿಮ್ಮಿನ ಮೇಲೆ ಬಳೆಯ ಹಾಗೆ ಸಡಿಲವಾಗಿ ಸುತ್ತುತ್ತದೆ. ಟೈರು ಕೊಳ್ಳುವಾಗ ಇಂಚು ನೋಡಬೇಡಿ, 622 ಎಂಬ ಅಂಕಿ ಇದೆಯೇ ನೋಡಿ.

ಮಲೆನಾಡ ಇಳಿಜಾರು · ನವೆಂಬರ್ 15, ಬೆಳಿಗ್ಗೆ 9:00

ಹಗುರವಾದ ಪ್ಲಾಸ್ಟಿಕ್ ಟ್ಯೂಬು, ಅದೇ ಟಿಪಿಯು, ಇವೆಯಲ್ಲ, ಬೆಂಕಿಪೊಟ್ಟಣದಷ್ಟೇ ಜಾಗ ಸಾಕು. ಚೀಲದಲ್ಲಿ ಹೆಚ್ಚುವರಿಯಾಗಿ ಒಯ್ಯಲು ಚೆನ್ನ. ಆದರೆ ರಿಮ್ಮಿಗೇ ಬ್ರೇಕ್ ಹಿಡಿಯುವ ಸೈಕಲ್ಲಿನಲ್ಲಿ ಘಾಟಿ ಇಳಿಯುವವರು ಪೊಟ್ಟಣದ ಮೇಲೆ ಬರೆದಿದ್ದನ್ನು ಓದಿಕೊಳ್ಳಿ, ಕೆಲವು ರಿಮ್ ಬ್ರೇಕಿಗೆ ಬೇಡ ಎಂದೇ ಇರುತ್ತದೆ. ಆಗುಂಬೆ ಇಳಿದು ಸೋಮೇಶ್ವರದಲ್ಲಿ ನಿಂತು ಒಮ್ಮೆ ರಿಮ್ಮು ಮುಟ್ಟಿ ನೋಡಿ. ಬೇಡ, ಮುಟ್ಟಬೇಡಿ.

ಸ್ಟುಟ್‌ಗಾರ್ಟ್ ಕನ್ನಡಿಗ · ನವೆಂಬರ್ 15, ರಾತ್ರಿ 11:50

ಈ ಟೈರ್ ಜಗಳ ಬಹಳ ಹಳೆಯದು, ಒಂದು ಕಥೆ ಹೇಳಿ ಹೋಗುತ್ತೇನೆ. ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಹಿಂತಿರುಗುವ 1200 ಕಿ.ಮೀ. ಓಟ ಮೊದಲು ನಡೆದದ್ದು 1891ರಲ್ಲಿ. ಗಾಳಿ ತುಂಬಿದ ಟೈರು ಡನ್‌ಲಪ್ ಕೈಯಲ್ಲಿ ಹುಟ್ಟಿ ಆಗ ಮೂರೇ ವರ್ಷ. ಶಾರ್ಲ್ ತೆರಾಂ ಎಂಬ ಸವಾರ ಮಿಶೆಲಿನ್ ಸೋದರರ ಕಳಚಬಲ್ಲ ಟೈರು ಹಾಕಿಕೊಂಡಿದ್ದ. ಅವನ ಎದುರಾಳಿ ಜಿಯೆಲ್-ಲವಾಲ್‌ನದು ಡನ್‌ಲಪ್ ಟೈರು. ರಿಮ್ಮಿಗೆ ಅಂಟಿಸಿದ ಟೈರಿಗೆ ತೇಪೆ ಹಾಕುವುದೆಂದರೆ ಗಂಟೆಗಟ್ಟಲೆಯ ಕೆಲಸ, ಕಳಚುವ ಟೈರಿನದು ಅಷ್ಟಿಲ್ಲ. ತೆರಾಂ ನಿದ್ದೆಯಿಲ್ಲದೆ 72 ಗಂಟೆಯೊಳಗೆ ಗೆದ್ದ, ಎರಡನೆಯವನು ಹಲವು ಗಂಟೆ ತಡವಾಗಿ ಬಂದ. ಅಂದರೆ ನೀವು ಇಲ್ಲಿ ಕೇಳುತ್ತಿರುವ ಪ್ರಶ್ನೆಯನ್ನೇ ಅಲ್ಲಿ ಆಗಲೇ ಕೇಳಿದ್ದರು: ಬೇಗ ಉರುಳುವುದು ಮುಖ್ಯವೋ, ಬೇಗ ರಿಪೇರಿಯಾಗುವುದು ಮುಖ್ಯವೋ.

2023ರಲ್ಲಿ ನಾನು ಅದೇ ದಾರಿಯಲ್ಲಿ ಹೋದೆ. 90 ಗಂಟೆ ಸಮಯ. ನಾನು 87ರಲ್ಲಿ ಮುಗಿಸಿದೆ, ನಿದ್ದೆ ಒಟ್ಟು ಏಳು ಗಂಟೆಯೂ ಇಲ್ಲ. ಓಟ ಹೊರಡುವ ರಾಂಬುಯೆ ಎಂಬ ಊರಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳ ಟೈರನ್ನೇ ನೋಡುತ್ತ ನಡೆದೆ, ಕಾಯುವಾಗ ಬೇರೇನು ಕೆಲಸ? 28, 30, 32 ಹೆಚ್ಚು ಕಂಡವು. 23 ಹುಡುಕಬೇಕಾಗಿತ್ತು. ಮಡಚುವ ಸೈಕಲ್, ಮಲಗಿಕೊಂಡು ತುಳಿಯುವ ಸೈಕಲ್, ಎಲ್ಲವೂ ಇದ್ದವು. ಆ ಕಡೆಯ ಹಳ್ಳಿ ರಸ್ತೆಗಳಿಗೆ ಡಾಂಬರಿನ ಮೇಲೆ ಒರಟು ಜಲ್ಲಿ ಉದುರಿಸಿರುತ್ತಾರೆ, ಗುಂಡಿಯಿಲ್ಲ, ಆದರೆ ದಿನವಿಡೀ ಕೈ ಗುಂಯ್‌ಗುಡುತ್ತದೆ. ನಾನು ಹಾಕಿದ್ದು ಕಾಂಟಿನೆಂಟಲ್ ಗ್ರ್ಯಾನ್ ಪ್ರಿ 5000, 32ರದು. ದಿನನಿತ್ಯ ಕಚೇರಿಗೆ ಹೋಗುವ ಸೈಕಲ್ಲಿಗೆ ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಹಾಕಿದ್ದೇನೆ, ಒಳಗೆ ಐದು ಮಿ.ಮೀ. ರಬ್ಬರಿನ ಪದರವಿದೆ. ನಾಲ್ಕು ವರ್ಷ ಪಂಕ್ಚರ್ ಇಲ್ಲ. ಆದರೆ ಅದನ್ನು 300ಕ್ಕೆ ಹಾಕುವುದಿಲ್ಲ. ಮೇಷ್ಟ್ರ 17 ವ್ಯಾಟ್ ಎಲ್ಲಿ ಸೋರುತ್ತದೆ ಎಂದು ಅದನ್ನು ತುಳಿದವರಿಗೆ ಗೊತ್ತು.

ದುಡ್ಡು ಉಳಿದರೆ ಮುಂದಿನ ಚಕ್ರಕ್ಕೆ, ಉರುಳುತ್ತಲೇ ದೀಪಕ್ಕೆ ವಿದ್ಯುತ್ ಕೊಡುವ ಡೈನಮೋ ಹಬ್ ಹಾಕಿಸಿ. ನಮ್ಮ ತಾತಂದಿರ ಕಾಲದ ಟೈರಿಗೆ ಉಜ್ಜುವ ಬಾಟಲಿ ಡೈನಮೋ ಅಲ್ಲ, ಹಬ್ಬಿನೊಳಗೇ ಇರುವುದು, 6 ವೋಲ್ಟ್ 3 ವ್ಯಾಟ್. ರಾತ್ರಿ ಮೂರು ಗಂಟೆಗೆ ಬ್ಯಾಟರಿ ಎಷ್ಟಿದೆ ಎಂದು ಯೋಚಿಸದೆ ಓಡಿಸುವ ಸುಖವೇ ಬೇರೆ.

ನಿರ್ವಾಹಕ · ನವೆಂಬರ್ 16, ಬೆಳಿಗ್ಗೆ 10:00

ಒಂದು ಅಂಗಡಿಯ ಹೆಸರು ಹಿಡಿದು ಬೈದಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಟೈರಿನ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಿ.

ತುಮಕೂರು ಹೈಬ್ರಿಡ್ · ನವೆಂಬರ್ 23, ರಾತ್ರಿ 9:10

ಮೊದಲು ಏನನ್ನೂ ಕೊಳ್ಳದೆ ಅದೇ ಟೈರಿನಲ್ಲಿ ಗಾಳಿ ಇಳಿಸಿದೆ, ಹಿಂದೆ 58, ಮುಂದೆ 46. ದೇವರಾಯನದುರ್ಗದ ಕಡೆ 60 ಕಿ.ಮೀ. ಹೋಗಿಬಂದೆ. ಮೊದಲ ಐದು ನಿಮಿಷ ಪಂಕ್ಚರ್ ಆಗಿದೆಯೇನೋ ಎಂದು ಎರಡು ಸಲ ಇಳಿದು ನೋಡಿದೆ. ಆಮೇಲೆ ರಸ್ತೆಯನ್ನೇ ಹೊಸದಾಗಿ ಹಾಕಿಸಿದ್ದಾರೆ ಅನ್ನಿಸಿತು. ಸಮಯ ಮೊದಲಿನಷ್ಟೇ, ಕೈ ಮರಗಟ್ಟಲಿಲ್ಲ.

ನಂತರ 32ರ ಮೆತ್ತನೆಯ ಟೈರು ಎರಡು, ಕೈ ಬದಲಿಸಿ ಹಿಡಿಯಲು ಹ್ಯಾಂಡಲ್ ತುದಿಗೆ ಬಾರ್ ಎಂಡ್ ಎಂಬ ಹಿಡಿ ಒಂದು ಜೊತೆ, ಎರಡು ಟ್ಯೂಬು ತಂದೆ. ಎಲ್ಲ ಸೇರಿ ಒಂಬತ್ತು ಸಾವಿರದೊಳಗೆ ಮುಗಿಯಿತು. ಚಿಮಟವನ್ನು ಮನೆಯವಳಿಂದ ಕಡ ತೆಗೆದುಕೊಂಡಿದ್ದೇನೆ, ಹಿಂತಿರುಗಿಸಬೇಕಂತೆ.

ಹಳೇ ಉಕ್ಕು · ನವೆಂಬರ್ 24, ಬೆಳಿಗ್ಗೆ 5:40

ಹೊಸ ಟೈರು ಹಾಕಿದ ದಿನವೇ ಬಿಆರ್‌ಎಂಗೆ ಹೋಗಬೇಡಿ, ನೂರು ಕಿ.ಮೀ. ಓಡಿಸಿ. ಮನೆಯಂಗಳದಲ್ಲಿ ಒಮ್ಮೆ ಕತ್ತಲಲ್ಲಿ ಟ್ಯೂಬು ಬದಲಿಸಿ. ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಿ.

ತುಮಕೂರು ಹೈಬ್ರಿಡ್ · ಡಿಸೆಂಬರ್ 15, ರಾತ್ರಿ 8:30

ಮುಗಿಸಿದೆ. 18 ಗಂಟೆ 35 ನಿಮಿಷ, ಕೊಟ್ಟ ಸಮಯ 20.

ಬೆಳಿಗ್ಗೆ ಆರಕ್ಕೆ ಹೊರಟೆವು. ಹೋಗುವಾಗ ದಾರಿ ಒಟ್ಟಿನಲ್ಲಿ ಇಳಿಯುತ್ತದೆ, ಬೆನ್ನ ಮೇಲೆ ಸ್ವಲ್ಪ ಗಾಳಿಯೂ ಇತ್ತು. ಮಧ್ಯಾಹ್ನ ಒಂದೂವರೆಗೆ ತಿರುಗುವ ಜಾಗದಲ್ಲಿ ಮುದ್ರೆ ಹಾಕಿಸಿದಾಗ ಇದಿಷ್ಟೇನಾ ಅನ್ನಿಸಿತು. ಆ ಸೊಕ್ಕು ಶಿರಾ ಬರುವವರೆಗೂ ಉಳಿಯಲಿಲ್ಲ. ವಾಪಸು ಬರುವಾಗ ಗಾಳಿ ಎದುರಿಗೆ, ಬಿಸಿಲು ಬೆನ್ನಿಗೆ, ಬೆಂಗಳೂರು ಮುನ್ನೂರು ಮೀಟರ್ ಮೇಲೆ. ಆ ಹೊತ್ತಿನಲ್ಲಿ ನೇರ ಹ್ಯಾಂಡಲ್ ನನ್ನನ್ನು ಗಾಳಿಗೆ ಬಾಗಿಲಿನ ಹಾಗೆ ಒಡ್ಡುತ್ತದೆ. ಹಗುರ ಗಾಡಿಯವರು ಹೇಳಿದ್ದು ಆಗ ನೆನಪಾಯಿತು. ಅವರು ಹೇಳಿದ ಕಾರಣಕ್ಕಲ್ಲ, ಮೇಷ್ಟ್ರು ಹೇಳಿದ ಕಾರಣಕ್ಕೆ.

ಪಂಕ್ಚರ್ ಒಂದು, ಕಳ್ಳಂಬೆಳ್ಳದ ಹತ್ತಿರ, ಕತ್ತಲಾದ ಮೇಲೆ. ರಾತ್ರಿ ಪಾಳಿ ಅಕ್ಕ ಹೇಳಿದ ಹಾಗೆಯೇ ಮಾಡಿದೆ. ತೂತಿನ ಜಾಗ ಗುರುತಿಸಿ, ಹತ್ತಿ ಎಳೆದೆ, ಸಿಕ್ಕಿಕೊಂಡಿತು. ತಂತಿಯೇ. ಅದನ್ನು ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ತಂದಿದ್ದೇನೆ. ಅಂಗಳದ ಅಭ್ಯಾಸದಲ್ಲಿ 22 ನಿಮಿಷ ಹಿಡಿದಿತ್ತು, ಅಲ್ಲಿ 14.

ತುಮಕೂರು ಬಂದಾಗ ಮನೆ ನಾಲ್ಕೇ ಕಿ.ಮೀ. ಎಂಬುದು ತಲೆಯಲ್ಲಿ ಕೂತುಬಿಟ್ಟಿತು. ಇಡೀ ದಿನದಲ್ಲಿ ಕಷ್ಟವಾದದ್ದು ಅದೊಂದೇ ಜಾಗ. ಊಟ ಮಾಡಿಕೊಂಡು ಹೋಗು ಎಂದು ಫೋನು ಬೇರೆ ಬಂತು. ಹೋಗಿದ್ದರೆ ಏಳುತ್ತಿರಲಿಲ್ಲ. ಹೆದ್ದಾರಿ ಬದಿಯಲ್ಲೇ ಇಡ್ಲಿ ತಿಂದು ಹೊರಟೆ.

ರಾತ್ರಿ 12:35ಕ್ಕೆ ಮುಗಿದಾಗ ಬಲಗೈಯಲ್ಲೇ ಸಹಿ ಹಾಕಿದೆ. ಸೀಟಿನ ನೋವು ಮಾತ್ರ ಭಯಂಕರ, ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ. 71,000 ರೂಪಾಯಿ ಇನ್ನೂ ಬ್ಯಾಂಕಿನಲ್ಲಿದೆ. 400 ಮುಗಿಯುವವರೆಗೆ ಮುಟ್ಟುವುದಿಲ್ಲ. ಆಮೇಲೆ ಕೊಂಡರೂ 32 ಹಿಡಿಸುವ, ಬಾಗಿದ ಹ್ಯಾಂಡಲ್ ಇರುವ ಸೈಕಲ್ಲೇ.

ರಾತ್ರಿ ಪಾಳಿ · ಡಿಸೆಂಬರ್ 15, ರಾತ್ರಿ 9:05

ಅಭಿನಂದನೆ ಅಣ್ಣ. ಚಿಮಟ ಹಿಂತಿರುಗಿಸಿದಿರಾ?

ತುಮಕೂರು ಹೈಬ್ರಿಡ್ · ಡಿಸೆಂಬರ್ 15, ರಾತ್ರಿ 9:12

ಹೊಸದು ತಂದುಕೊಡು ಎಂದಳು. ಟೈರಿನಲ್ಲಿ ಆಡಿಸಿದ್ದು ಬೇಡವಂತೆ.

ಹಗುರ ಗಾಡಿ · ಡಿಸೆಂಬರ್ 16, ಬೆಳಿಗ್ಗೆ 7:20

ಅಭಿನಂದನೆ ಸರ್. ನಾನೂ ಸುಮ್ಮನೆ ನೋಡೋಣವೆಂದು 28 ಹಾಕಿದೆ. 4ರ ಕೀ ಎಡಕ್ಕೆ ತೂರುತ್ತದೆ, ಬಲಕ್ಕೆ ತೂರುವುದಿಲ್ಲ. ಉಕ್ಕಿನ ಸರ್, ಇದು ಫ್ರೇಮಿನ ದೋಷವೇ? ಕೈ ಓಡಿಸಿದ್ದು ಎಂದು ಮತ್ತೆ ಶುರು ಮಾಡಬೇಡಿ.

ಹಳೇ ಉಕ್ಕು · ಡಿಸೆಂಬರ್ 16, ಬೆಳಿಗ್ಗೆ 7:45

ಮಾಡುವುದಿಲ್ಲ. ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಿ, ಹಿಂದಿನ ಚಕ್ರದ ಹಿಡಿ ಸಡಿಲಿಸಿ, ಭಾರ ಹಾಕಿ ಮತ್ತೆ ಬಿಗಿಯಿರಿ. ಅರ್ಧ ಸಲ ಅಷ್ಟರಲ್ಲೇ ಸರಿಯಾಗುತ್ತದೆ. ಆಗದಿದ್ದರೆ ಚಕ್ರ ಕಳಚಿ, ಎಡಬಲ ತಿರುಗಿಸಿ ಹಾಕಿ. ಚೈನು ಬದಿಗಿರಲಿ, ಅಳೆಯಲು ಮಾತ್ರ. ಆಗ ಇಕ್ಕಟ್ಟು ಎಡಕ್ಕೆ ಬಂದರೆ ರಿಮ್ಮು ನಡುವಿಗಿಲ್ಲ, ಕಡ್ಡಿ ಬಿಗಿಸುವವರ ಹತ್ತಿರ ಕೊಡಿ. ಬಲಕ್ಕೇ ಉಳಿದರೆ ಫ್ರೇಮು.

ಹಗುರ ಗಾಡಿ · ಡಿಸೆಂಬರ್ 16, ರಾತ್ರಿ 8:50

ಎಡಕ್ಕೆ ಬಂತು.